ಪರದೆಯ ತುದಿಯ ಹೆಸರು

ಮಾಟದ ತಗಡು ಇಟ್ಟ ಮೇಲೆ ಆ ಆಟಕ್ಕೆ ಕೈ ಹಾಕಬೇಡ ಎಂದು ಬಿಳಿಚೋಡಿನ ಮೂಕಮ್ಮ ಎರಡು ಸಲ ಹೇಳಿದಳು. ಎರಡು ಸಲವೂ ನಿಂಗರಾಜ್ ನಕ್ಕ.

ನಗುವವನು ನ್ಯಾಮತಿಯಿಂದ ಅಷ್ಟು ದೂರ ಮಾಟ ಮಾಡಿಸಲು ಬಂದದ್ದಾದರೂ ಯಾಕೆ ಎಂದು ಕೇಳಬಹುದು. ಹೊಟ್ಟೆಕಿಚ್ಚಿಗೆ ನಂಬಿಕೆ ಬೇಕಾಗಿಲ್ಲ. ಅವನದು ಮೊಬೈಲ್ ರಿಪೇರಿ ಅಂಗಡಿ. ಕೂದಲೆಳೆಯಂಥ ತಂತಿಗೂ ಬೆಸುಗೆ ಹಾಕುವ ಕೈ. ಅದೇ ಕೈ ಇಪ್ಪತ್ತೈದು ವರ್ಷಗಳ ಹಿಂದೆ ಹೊನ್ನಾಳಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ಮೆರೆದಿತ್ತು. ವಿಮಾನದ ಆಟದಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ. ಗೆಳೆಯ ಮುರುಗೇಶ ಅವನ ಶಾಲೆಯ ಚೀಲ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದ.

ಈಗ ಆ ಮುರುಗೇಶನೇ ಗುಜರಿಯಿಂದ ಅಂಥದೇ ಆಳೆತ್ತರದ ಯಂತ್ರವೊಂದನ್ನು ಹುಡುಕಿ ತಂದು, ಒಳಗಿನದನ್ನೆಲ್ಲ ಹೊಸದಾಗಿ ಜೋಡಿಸಿ, ಹೊನ್ನಾಳಿಯಲ್ಲಿ ‘ಹಳೇ ಆಟ’ ಎಂದು ಬೋರ್ಡು ಹಾಕಿದ್ದ. ದಾವಣಗೆರೆ, ಚನ್ನಗಿರಿ ಕಡೆಯ ಕಾಲೇಜು ಹುಡುಗರು ಬೈಕಿನಲ್ಲಿ ಬಂದು ಸಾಲು ನಿಲ್ಲುತ್ತಿದ್ದರು. ಪರದೆಯ ತುದಿಯಲ್ಲಿ, ಎಲ್ಲರಿಗಿಂತ ಹೆಚ್ಚಿನ ಅಂಕದ ಪಕ್ಕ, ಇಂಗ್ಲಿಷಿನ ಮೂರಕ್ಷರದಲ್ಲಿ ಮುರುಗೇಶನ ಹೆಸರು. ಒಂದು ದಿನ ಹುಡುಗಿಯೊಬ್ಬಳು ನಿಂಗರಾಜನ ಕಡೆ ತಿರುಗಿ, ಅಂಕಲ್, ನಿಮಗೂ ಇದನ್ನ ಆಡಾಕೆ ಬರುತ್ತಾ ಎಂದು ಕೇಳಿದಳು. ಅವತ್ತು ಅವನಿಗೆ ಅನ್ನ ಸೇರಲಿಲ್ಲ.

ಮಾಟಕ್ಕೆ ತೊಟ್ಟಿಲ ಹೆಸರು ಬೇಕು, ನಾಮಕರಣದ ದಿನ ಸೋದರತ್ತೆ ಕಿವಿಯಲ್ಲಿ ಉಸುರಿದ್ದು ಎಂದಳು ಮೂಕಮ್ಮ. ಮುರುಗೇಶನ ತೊಟ್ಟಿಲ ಹೆಸರು ನಿಂಗರಾಜನಿಗೆ ಗೊತ್ತಿರಲಿಲ್ಲ. ಹಾಗಾದರೆ ಅವನು ತನ್ನ ಕೈಯಾರೆ ಹೆಸರು ಬರೆದ ಜಾಗ ಹೇಳು ಎಂದಳು. ಇವನು ಪರದೆಯ ಸಂಗತಿ ಹೇಳಿದ. ಲೋಬಾನದ ಹೊಗೆಗೆ ಕಣ್ಣು ಉರಿಯುತ್ತಿತ್ತು. ಅವಳು ತಾಮ್ರದ ತಗಡಿಗೆ ಕಪ್ಪು ದಾರ ಸುತ್ತಿ ಕೊಟ್ಟಳು. ಅದರಿಂದ ಸುಟ್ಟ ಕೂದಲಿನ ವಾಸನೆ ಬರುತ್ತಿತ್ತು.

“ಇದಕ್ಕೆ ಮುಖ ಗೊತ್ತಾಗಲ್ಲ ಯಪ್ಪಾ. ಮೇಲೆ ಯಾರ ಹೆಸರು ಐತೋ ಅವರ ಕೈ ತಿಂತೈತೆ. ಅಲ್ಲಿ ನಿನ್ನ ಹೆಸರು ಬರಬಾರದು.”

ಮಾರನೆಯ ದಿನ ಯಂತ್ರದ ಬೆನ್ನಿನ ಹಲಗೆ ಬಿಚ್ಚಿ, ತಂತಿ ನೋಡುವ ನೆಪದಲ್ಲಿ ತಗಡನ್ನು ಒಳಗೆ ತುರುಕಿದ. ನಾಲ್ಕನೆಯ ದಿನ ಮುರುಗೇಶನ ಕೈಯಿಂದ ಚಹಾದ ಲೋಟ ಜಾರಿತು. ವಾರ ಕಳೆಯುವಷ್ಟರಲ್ಲಿ ಅವನ ಅಂಗಿಯ ಗುಂಡಿಯನ್ನು ಹೆಂಡತಿ ಶಿವಲೀಲಾ ಹಾಕಬೇಕಾಯಿತು. ನರದ ತೊಂದರೆ ಇರಬೇಕು ಅಂದುಕೊಂಡ ನಿಂಗರಾಜ್. ಅಂದುಕೊಂಡ, ಅಷ್ಟೇ. ಒಳಗೊಳಗೇ ಹಿಗ್ಗಿದ್ದೂ ಸುಳ್ಳಲ್ಲ.

ಮಂಗಳವಾರ ಗಂಡ ಹೆಂಡತಿ ದಾವಣಗೆರೆಯ ಡಾಕ್ಟರ ಹತ್ತಿರ ಹೊರಟರು. ಯಂತ್ರವನ್ನು ಯಾರಿಗೂ ಮುಟ್ಟಲು ಬಿಡಬೇಡ, ನೀನು ಮಾತ್ರ ಇರು ಎಂದು ಮುರುಗೇಶ ಕೀಲಿಯನ್ನು ಇವನಿಗೇ ಕೊಟ್ಟ.

ಮಧ್ಯಾಹ್ನ. ಷಟರ್ ಅರ್ಧ ಇಳಿದಿತ್ತು. ಹೊರಗೆ ಉರಿಬಿಸಿಲು, ಒಳಗೆ ಕತ್ತಲು. ಬಿಸಿಯಾದ ಧೂಳಿನ ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನದು. ಯಂತ್ರ ಗುಂಯ್ ಎನ್ನುತ್ತಿತ್ತು. ಮುರುಗೇಶನ ಹೆಸರು ಮಿನುಗುತ್ತಿತ್ತು, ಆರುತ್ತಿತ್ತು, ಮತ್ತೆ ಮಿನುಗುತ್ತಿತ್ತು. ಈ ಅಂಕ ತನಗೊಂದು ಲೆಕ್ಕವೇ? ಕೊನೆಗೆ ಬೇಕೆಂದೇ ಸೋತರಾಯಿತು ಎಂದು ನಿಂಗರಾಜ್ ಸ್ಟೂಲ್ ಎಳೆದುಕೊಂಡ.

ಕೈ ಮರೆತಿರಲಿಲ್ಲ. ಕೋಲು ಎಡಕ್ಕೆ. ಗುಂಡಿ. ಮತ್ತೆ ಎಡಕ್ಕೆ. ವಿಮಾನಗಳು ಉರಿದು ಬಿದ್ದವು. ಬೆನ್ನು ಬೆವರಿತು. ಅಂಕ ಏರಿತು. ಸೋಲಬೇಕಾದ ಜಾಗ ಬಂತು. ಸೋಲಲಿಲ್ಲ. ಅಂಕ ದಾಟಿತು. ಯಂತ್ರ ಹೆಸರು ಕೇಳಿತು. ಸುಮ್ಮನೆ ಎದ್ದು ಹೋಗಬಹುದಿತ್ತು. ತನ್ನ ಮೂರಕ್ಷರ ಒತ್ತಿದ.

ಆಮೇಲೆ ಮೂಕಮ್ಮನ ಮಾತು ನೆನಪಾಯಿತು. ಮರುಕ್ಷಣವೇ ನಗು ಬಂತು. ಈ ಯಂತ್ರಗಳಿಗೆ ನೆನಪೆಲ್ಲಿಯದು? ಆಗೆಲ್ಲ ಅಂಗಡಿಯವನು ಸಂಜೆ ಕರೆಂಟು ಆರಿಸಿದರೆ ಹೆಸರುಗಳೆಲ್ಲ ಅಳಿಸಿ ಹೋಗುತ್ತಿದ್ದವು, ಇವನು ಅಳುತ್ತ ಮನೆಗೆ ಹೋಗುತ್ತಿದ್ದ. ಪ್ಲಗ್ ಕಿತ್ತ. ಗುಂಯ್ ಸದ್ದು ಸತ್ತಿತು. ನೂರು ಎಣಿಸಿ ಮತ್ತೆ ಚುಚ್ಚಿದ.

ಹೆಸರು ಅಲ್ಲೇ ಇತ್ತು.

ಮತ್ತೆ ಕಿತ್ತ. ಮತ್ತೆ ಚುಚ್ಚಿದ. ಅಲ್ಲೇ ಇತ್ತು. ಬೆನ್ನಿನ ಹಲಗೆ ಬಿಚ್ಚಿ ಕೈ ಹಾಕಿದ. ತಗಡಿಲ್ಲ. ಕಪ್ಪು ದಾರವೊಂದೇ ಬೂದಿಯಾಗಿ ಬೆರಳಿಗಂಟಿತು. ಬೂದಿ ತಣ್ಣಗಿತ್ತು. ಬೆರಳೂ ತಣ್ಣಗಾಯಿತು.

ಸಂಜೆ ಮುರುಗೇಶ ಓಡುತ್ತಲೇ ಬಂದ. ಡಾಕ್ಟರು ಮುಟ್ಟುವ ಮೊದಲೇ, ಮೂರು ಗಂಟೆಯ ಹೊತ್ತಿಗೆ, ಕೈಗೆ ತಾನಾಗಿ ಜೀವ ಬಂದಿತ್ತಂತೆ. ಪರದೆ ನೋಡಿದವನೇ ಗೆಳೆಯನನ್ನು ತಬ್ಬಿಕೊಂಡ.

“ಇನ್ನು ನಿನ್ನ ಹೆಸರು ಅಳಿಸಲ್ಲ ಕಣೋ ನಿಂಗ. ಕರೆಂಟ್ ಹೋದ್ರೂ ಉಳಿಯಂಗೆ ಚಿಪ್ ಹಾಕಿದೀನಿ. ಆಗ ಅಳ್ತಾ ಹೋಗ್ತಿದ್ದೆಯಲ್ಲ, ಅದಕ್ಕೇ ಹಾಕಿದ್ದು. ನೀನು ಆಡ್ಲಿ ಅಂತ ಕಾಯ್ತಾ ಇದ್ದೆ.”

ನಿಂಗರಾಜ್ ಬೆರಳಿನ ಬೂದಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಮರುದಿನ ಬೆಸುಗೆಯ ಕಡ್ಡಿ ಬೆರಳಿನಿಂದ ಜಾರಿ ತೊಡೆ ಸುಟ್ಟಿತು. ಮೂಕಮ್ಮನಿಗೆ ಫೋನು ಮಾಡಿದ. ಹೆಸರು ಅಳಿಸಿದರೆ ಜೀವವೇ ಹೋಗುತ್ತದೆ, ಯಂತ್ರ ಒಡೆದರೂ ಅಷ್ಟೇ, ಮೇಲೆ ಇನ್ನೊಬ್ಬರ ಹೆಸರು ಬಂದರೆ ಮಾತ್ರ ಬಿಡುತ್ತದೆ ಎಂದು ಅವಳು ಬೇಸರದಿಂದ ಹೇಳಿ ಇಟ್ಟುಬಿಟ್ಟಳು. ಶನಿವಾರದ ಹೊತ್ತಿಗೆ ಅಂಗೈ ಮರದ ತುಂಡಾಗಿತ್ತು. ಈ ಕೈ ಹೋದರೆ ಅಂಗಡಿ ಹೋಯಿತು, ಅನ್ನ ಹೋಯಿತು. ಅವನು ಹೊನ್ನಾಳಿಗೆ ಬಂದು, ಸತ್ತ ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಮುರುಗೇಶನನ್ನು ಕೆಣಕಿದ.

“ಧಮ್ ಇದ್ರೆ ನನ್ನ ಮೀರಿಸು ನೋಡಾಣ.”

ಮುರುಗೇಶ ಖುಷಿಯಿಂದಲೇ ಕೂತ. ಹುಡುಗರು ಸುತ್ತ ಮುತ್ತಿದರು. ಅಂಕ ಏರತೊಡಗಿತು. ಮುರುಗೇಶ ಎಲ್ಲಿ ತಪ್ಪಿಯಾನೋ ಎಂದು ನಿಂಗರಾಜ್ ಉಸಿರು ಬಿಗಿಹಿಡಿದಿದ್ದ. ಮುರುಗೇಶ ತಪ್ಪಲಿಲ್ಲ. ಎಷ್ಟು ಚೆನ್ನಾಗಿ ಆಡುತ್ತಿದ್ದ! ಮುರುಗೇಶಣ್ಣ, ಮುರುಗೇಶಣ್ಣ ಎಂದು ಹುಡುಗರು ಕೂಗಿದರು. ಅಂಕಲ್ ಎಂದು ಕೇಳಿದ್ದ ಆ ಹುಡುಗಿಯೂ ಕೂಗುತ್ತಿದ್ದಳು. ನಿಂಗರಾಜನ ಅಂಕ ದಾಟಲು ಇನ್ನು ಮೂರು ವಿಮಾನ. ಎರಡು. ಜೇಬಿನೊಳಗೆ ಹೆಬ್ಬೆರಳು ಚುರುಕ್ಕೆಂದಿತು. ಜೀವ ಬರುತ್ತಿತ್ತು. ಇನ್ನೊಂದೇ ವಿಮಾನ.

ನಿಂಗರಾಜ್ ಎಡಗೈಯಿಂದ ಮುರುಗೇಶನ ಭುಜವನ್ನು ನೂಕಿದ.

ಮುರುಗೇಶನ ವಿಮಾನವೇ ಉರಿದು ಬಿತ್ತು. ಹುಡುಗರು ಹೋ ಎಂದರು. ಯಾಕೋ ಹಿಂಗೆ ಮಾಡಿದೆ ಎಂದು ಮುರುಗೇಶ ತಿರುಗಿ ನೋಡಿದ. ಗೆಳೆಯನನ್ನು ಉಳಿಸಲಿಕ್ಕೆ ಎಂದು ಹೇಳಿಕೊಳ್ಳಬಹುದಿತ್ತು. ಹಾಗಿರಲಿಲ್ಲ. ಆ ಕೂಗನ್ನು ಇನ್ನೊಂದು ಕ್ಷಣ ಸಹಿಸಲು ಅವನಿಂದ ಆಗಲಿಲ್ಲ, ಅಷ್ಟೇ. ಮೊಣಕೈ ತಣ್ಣಗಾಯಿತು, ಆಮೇಲೆ ಭುಜ. ನಿಂಗರಾಜ್ ಪರದೆಯ ತುದಿಯಲ್ಲಿದ್ದ ತನ್ನ ಹೆಸರನ್ನು ನೋಡಿದ. ಅವನಿಗೆ ಸಂತೋಷವಾಯಿತು.