ಪುಟ್ಟ ಹಾಸಿಗೆಯ ಮೂರನೇ ಕವರು

ಎರಡನೇ ಕವರನ್ನೂ ಬಡಗಿ ವಾಪಸು ತಂದಾಗ ಜಿಪ್ಪಕ್ಕನಿಗೆ ಪಿತ್ತ ನೆತ್ತಿಗೇರಿತು.

ಮೊದಲನೆಯದು ಬಿಗಿಯಾಗಿತ್ತು. ಎಷ್ಟು ಬಿಗಿ ಎಂದರೆ, ಒಳಗೆ ತುರುಕಿದ ಫೋಮು ಎರಡೂ ತುದಿಯಲ್ಲಿ ಮೇಲೆದ್ದು ದೋಣಿಯ ಹಾಗೆ ಬಾಗಿತ್ತಂತೆ. ಎರಡನೆಯದು ದೊಗಳೆ. ಅದನ್ನು ಅವನು ಹೊಸ್ತಿಲಲ್ಲೇ ನಿಂತು, ಮಡಿಕೆ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ತೋರಿಸಿದ. ಮುಖದಲ್ಲಿ ಮಾತ್ರ ತಾನೇ ತಪ್ಪು ಮಾಡಿದವನ ಕಳೆ. ಅದೇ ಅವಳಿಗೆ ಸಹಿಸಲಾಗದ ವಿಷಯ. ಜಗಳಕ್ಕೆ ಬಂದವನಾಗಿದ್ದರೆ ನಾಲ್ಕು ಮಾತು ಅಂದು ಕಳಿಸಬಹುದಿತ್ತು.

"ಸ್ವಲ್ಪ ಸಡಿಲ ಆಗಿದೆ ಅನ್ಸುತ್ತೆ," ಎಂದ.

"ಸ್ವಲ್ಪನಾ? ಇದರೊಳಗೆ ಮಗು ಜೊತೆ ಅದರಮ್ಮನೂ ಮಲಗಬಹುದು."

"ಹಾಗಲ್ಲ ರೀ. ಬಟ್ಟೆ ಮುದುಡಿ ಮಗು ಮುಖಕ್ಕೆ ಬರುತ್ತೆ ಅಂತ ನಮ್ಮಕ್ಕ ಹೆದರ್ತಾಳೆ. ಇಲ್ಲಾಂದ್ರೆ ನಾನು ಇದನ್ನ ತರ್ತಾನೇ ಇರ್ಲಿಲ್ಲ."

ತರುತ್ತಿರಲಿಲ್ಲ ಎಂಬುದೂ ನಿಜವೇ. ಇನ್ನೂ ತಿಂಗಳು ತುಂಬದ ಸೋದರಳಿಯನಿಗೆ ತನ್ನ ಕೈಯಾರೆ ಮಂಚ ಮಾಡಿದ್ದ. ಅದಕ್ಕೊಂದು ಪುಟ್ಟ ಹಾಸಿಗೆ ತಂದು, ತೆಗೆದು ಒಗೆಯಲು ಬರುವಂತೆ ಜಿಪ್ ಇರುವ ಕವರು ಹೊಲಿದುಕೊಡಿ ಎಂದು ಇವಳನ್ನು ಕೇಳಿದ್ದ.

ಅವಳು ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಹೊಲಿಯುವವಳು. ಬ್ಯಾಗು, ಜಾಕೆಟ್ಟು, ದಿಂಬು, ಸೋಫಾ, ಯಾವುದರ ಜಿಪ್ ಕೆಟ್ಟರೂ ಬೀದಿಯವರು ಅವಳ ಬಾಗಿಲಿಗೇ ಬರುತ್ತಿದ್ದರು. ಹಾಗೆ ಹುಟ್ಟಿದ ಹೆಸರು ಜಿಪ್ಪಕ್ಕ. ಅವಳಿಗಿಂತ ಹದಿನೈದು ವರ್ಷ ದೊಡ್ಡವನಾದ ಅಂಚೆಯವನೂ ಜಿಪ್ಪಕ್ಕ ಎನ್ನುತ್ತಿದ್ದ. ಎದುರಿನ ಮರಗೆಲಸದ ಶೆಡ್ಡಿನ ಈ ಬಡಗಿ ಮಾತ್ರ ಎರಡು ವರ್ಷದಲ್ಲಿ ಒಂದು ಸಲವೂ ಅಕ್ಕ ಎಂದವನಲ್ಲ. 'ಏನ್ರೀ', 'ಇಲ್ನೋಡಿ', ತೀರಾ ಇಕ್ಕಟ್ಟಾದರೆ ಸುಮ್ಮನೆ ಒಂದು ಕೆಮ್ಮು. ಅದನ್ನು ಅವಳು ಗಮನಿಸಿದ್ದಳು. ಅವಳ ಅಮ್ಮ ಅವಳಿಗಿಂತ ಮೊದಲೇ ಗಮನಿಸಿದ್ದರು.

ಗಮನಿಸಿ ಏನು ಬಂತು? ಕಿಟಕಿ ಮುಚ್ಚುವುದಿಲ್ಲ ಎಂದರೆ ಓಡಿಬಂದು ಸರಿಮಾಡಿಕೊಟ್ಟ. ಮಿಷನ್ನಿನ ಮೇಜು ಅಲುಗಾಡಿದರೆ ಹೊಸ ಕಾಲು ಕೂರಿಸಿದ. ಕೆಲಸ ಮುಗಿದ ಮೇಲೂ ಹೊರಡದೆ ಮೇಜನ್ನು ಸವರುತ್ತ ನಿಂತ. ಈಗ ಹೇಳಿಯಾನು, ಇನ್ನೇನು ಹೇಳಿಯಾನು ಎಂದು ಇವಳು ಉಸಿರು ಹಿಡಿದು ಕೂತರೆ, "ಎಣ್ಣೆ ಹಾಕ್ತಾ ಇರಿ, ಮಿಷನ್‌ಗೆ," ಎಂದು ಹೋಗಿಬಿಟ್ಟ. ಇಂಥವನನ್ನು ಏನೆಂದು ಬೈಯುವುದು?

ಅವಳಿಗೀಗ ಇನ್ನೂ ಕಾಯುವಷ್ಟು ದಿನಗಳಿರಲಿಲ್ಲ. ದೂರದ ಊರಿನಲ್ಲಿದ್ದ ಅಣ್ಣ ಅಲ್ಲಿನ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅವಳಿಗೊಂದು ಸೂಪರ್‌ವೈಸರ್ ಕೆಲಸ ನೋಡಿದ್ದ. ಅಮ್ಮನನ್ನೂ ಅವಳನ್ನೂ ತನ್ನ ಮನೆಗೇ ಕರೆಸಿಕೊಳ್ಳುತ್ತೇನೆ ಎಂದಿದ್ದ. ಇವತ್ತು ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಅವಳಿಗೆ ಹೋಗಲು ಎಳ್ಳಷ್ಟೂ ಮನಸ್ಸಿರಲಿಲ್ಲ. ಆದರೆ "ಅಲ್ಲೇನಿದೆ ನಿನಗೆ?" ಎಂದು ಅಣ್ಣ ಕೇಳಿದರೆ ಏನು ಹೇಳುವುದು? ಎದುರಿನ ಶೆಡ್ಡಿನವನೊಬ್ಬ ನನ್ನನ್ನು ಅಕ್ಕ ಎನ್ನುವುದಿಲ್ಲ, ಅದಕ್ಕೇ ಬರುವುದಿಲ್ಲ ಎನ್ನಲಾಗುತ್ತದೆಯೇ?

"ಇನ್ನು ಫೋನಲ್ಲಿ ಅಳತೆ ಹೇಳೋದೆಲ್ಲ ಬೇಡ," ಎಂದಳು. "ಹಾಸಿಗೆನೇ ತಗೊಂಡು ಬನ್ನಿ."

ಅವನು ಹೋದವನು ಅರ್ಧ ಗಂಟೆಯಲ್ಲಿ ಹಾಸಿಗೆಯನ್ನು ಹೆಗಲ ಮೇಲೆ ಹೊತ್ತು ಬಂದ. ಕಿವಿಯ ಹಿಂದೆ ಪೆನ್ಸಿಲು ಹಾಗೇ ಇತ್ತು. ತಲೆಗೂದಲಲ್ಲಿ ಮರದ ಪುಡಿ. ಒಳಕೋಣೆಯ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಅಮ್ಮ ಅವನನ್ನು ನೋಡಿ, ಮಗಳನ್ನು ನೋಡಿ, ಮತ್ತೆ ಬೆಳ್ಳುಳ್ಳಿಯತ್ತ ತಿರುಗಿದರು.

ಅವಳು ಟೇಪು ಎಳೆದಳು. ಉದ್ದ ನಲವತ್ತೆಂಟು ಇಂಚು.

"ಮೊದಲನೇ ಸಲ ನಲವತ್ತೇಳೂವರೆ ಅಂದಿದ್ರಿ."

"ಫೋಮ್ ಮೆತ್ತಗಿರುತ್ತಲ್ಲ. ಬಿಗಿಯಾಗಿ ಕೂರಲಿ ಅಂತ ಅರ್ಧ ಇಂಚು ಕಳೆದು ಹೇಳಿದೆ."

"ಅದನ್ನ ಕಳೆಯೋದು ಹೊಲಿಯೋರ ಕೆಲಸ. ನಾನೂ ಕಳೆದೆ. ಎರಡನೇ ಸಲ ನಲವತ್ತೊಂಬತ್ತು ಅಂದ್ರಲ್ಲ, ಅದ್ಯಾವ ಲೆಕ್ಕ?"

"ನೀವು ಕಳೀತೀರಿ ಅಂತ ಗೊತ್ತಾಯ್ತಲ್ಲ." ಅವನು ತಲೆ ಕೆರೆದುಕೊಂಡ. "ಅದಕ್ಕೆ ಮೊದಲೇ ಒಂದು ಇಂಚು ಸೇರಿಸಿದೆ."

ಅವಳು ಟೇಪನ್ನು ಮೇಜಿನ ಮೇಲೆ ಇಟ್ಟಳು. ಈಗ ಹೇಳುವ ಮಾತು ತನಗೂ ನಗೆಪಾಟಲು ಎಂದು ಗೊತ್ತಿತ್ತು. "ನೀವು ಕಳೆದು ಹೇಳಿರ್ತೀರಿ ಅಂತ ನಾನೂ ಅರ್ಧ ಸೇರಿಸಿಬಿಟ್ಟೆ."

ಅಮ್ಮ ಒಳಗಿನಿಂದಲೇ, "ಬಾಯಿಬಿಟ್ಟು ಒಂದು ಮಾತು ಕೇಳಿದ್ರೆ ಒಂದೇ ಕವರಲ್ಲಿ ಮುಗೀತಿತ್ತು ಇಬ್ಬರದೂ," ಎಂದರು. ಇಬ್ಬರೂ ಕೇಳಿಸದವರಂತೆ ಹಾಸಿಗೆಯನ್ನೇ ನೋಡುತ್ತ ನಿಂತರು.

ಅವಳು ದೊಗಳೆ ಕವರಿನ ಹೊಲಿಗೆಯೆಲ್ಲ ಬಿಚ್ಚಿದಳು. ಬಟ್ಟೆಯನ್ನು ಹೊಸ ಅಳತೆಗೆ ಕತ್ತರಿಸಿದಳು. ರೋಲಿನಿಂದ ಹೊಸ ಜಿಪ್ ಎಳೆದು ತುಂಡು ಮಾಡಿದಳು. ಉದ್ದದ ಒಂದು ಬದಿ ಪೂರ್ತಿ ಬಂದು, ಎರಡೂ ಮೂಲೆ ದಾಟಿ ಒಂದೊಂದು ಗೇಣು ಒಳಗೆ ತಿರುಗಬೇಕು. ಆಗ ಹಾಸಿಗೆ ತಕರಾರಿಲ್ಲದೆ ಒಳಗೆ ಜಾರುತ್ತದೆ. ಮೂಲೆಯಲ್ಲಿ ಬಟ್ಟೆ ಎಳೆಯದಂತೆ ಯಾರಾದರೂ ಹಿಡಿದುಕೊಳ್ಳಬೇಕಿತ್ತು. ಹೇಳದೆಯೇ ಅವನು ಹಿಡಿದುಕೊಂಡ.

ಮಿಷನ್ ನಿಧಾನ ಓಡುತ್ತಿತ್ತು. ಅವನ ಬೆರಳು, ಅವಳ ಬೆರಳು, ನಡುವೆ ಒಂದು ಚೋಟು ಬಟ್ಟೆ. ಅವಳು ಸೂಜಿಯನ್ನು ನೋಡುವಾಗ ಅವನು ಅವಳನ್ನು ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಸೂಜಿಯನ್ನು ನೋಡುತ್ತಿದ್ದ. ಒಂದು ಸಲ ಸಿಕ್ಕಿಬಿದ್ದ. ಕಿವಿಯ ತುದಿಯವರೆಗೂ ಕೆಂಪಾಗಿ, ಮಾತಾಡಲೇಬೇಕು ಎನ್ನಿಸಿರಬೇಕು, ಬಾಯಿ ತೆರೆದ.

"ನಿಮ್ಮಮ್ಮ ಹೇಳಿದ್ರು, ಫ್ಯಾಕ್ಟರಿ ಕೆಲಸದ ವಿಷಯ."

ಅವಳು ಮಿಷನ್ ನಿಲ್ಲಿಸಿದಳು. "ಹೂಂ."

"ಒಳ್ಳೆ ಕೆಲಸ ಅಲ್ವಾ. ಹೋಗ್ಬೇಕು ನೀವು."

ಅವಳು ಪೆಡಲನ್ನು ಒತ್ತಿದಳು. ಹಾಗೆ ಒತ್ತಿದವಳು ಕಾಲು ತೆಗೆಯಲಿಲ್ಲ. ಅವನು ಬೆರಳು ಹಿಂದೆಳೆದುಕೊಂಡ. ಒಂದು ಬದಿ, ಮೂಲೆ, ಇನ್ನೊಂದು ಬದಿ, ಮತ್ತೊಂದು ಮೂಲೆ, ಹಲ್ಲು ಕಚ್ಚಿಕೊಂಡು ಸುತ್ತಲೂ ಹೊಲಿದಳು. ಜಿಪ್ಪಿನ ಎರಡೂ ತುದಿಗೆ ಮೂರು ಮೂರು ಸಲ ಗಟ್ಟಿ ಹೊಲಿಗೆ ಹಾಕಿ ದಾರ ಕತ್ತರಿಸಿ, ಕವರನ್ನು ಅವನ ಕಡೆ ಎಸೆದಳು.

"ತಗೊಳ್ಳಿ. ತಿರುವಿ ಹಾಕ್ಕೊಳ್ಳಿ."

ಒಳಮೈ ಹೊರಗಾಗಿದ್ದ ಕವರನ್ನು ಅವನು ಹಿಂದೆ ಮುಂದೆ ಮಾಡಿ ನೋಡಿದ. ಕೆಮ್ಮಿದ. "ಇಲ್ನೋಡಿ. ಇದನ್ನ ಎಲ್ಲಿಂದ ತಿರುವೋದು?"

ಅವಳು ನೋಡಿದಳು. ಜಿಪ್ಪನ್ನು ಎಳೆದು ತೆರೆಯುವ ರನ್ನರ್, ತುದಿ ಹೊಲಿಯುವ ಮೊದಲೇ ಪೋಣಿಸಬೇಕಾದದ್ದು, ಮೇಜಿನ ಮೇಲೆ ಕತ್ತರಿಯ ಪಕ್ಕದಲ್ಲೇ ಕೂತಿತ್ತು. ಇಡೀ ಬೀದಿಗೆ ಜಿಪ್ ಹಾಕಿಕೊಟ್ಟವಳು ಒಂದು ಪುಟ್ಟ ಕವರನ್ನು ನಾಲ್ಕೂ ಕಡೆಯಿಂದ ಮುಚ್ಚಿ ಹೊಲಿದಿದ್ದಳು. ಹನ್ನೊಂದು ವರ್ಷದಲ್ಲಿ ಅವಳಿಂದ ಇಂಥದ್ದು ಆಗಿರಲಿಲ್ಲ. ಆ ಬೆಪ್ಪುತಕ್ಕಡಿಯ ಎದುರೇ ಆಗಬೇಕಿತ್ತು.

"ನಗಬೇಡಿ," ಎಂದಳು.

"ನಗ್ತಿಲ್ಲ ರೀ. ನಿಮಗೆ ಏನೋ ಆಗಿದೆ."

"ಆಗದೆ ಏನು? ಹೋಗ್ಬೇಕು ಅಂತೀರಿ. ಕೇಳಿದ್ರಾ ನನ್ನ, ಹೋಗೋಕೆ ಇಷ್ಟ ಇದೆಯಾ ಅಂತ?"

"ಕೇಳೋಕೆ ನಾನು ಯಾರು?"

"ಅದನ್ನೇ ರೀ ನಾನು ಎರಡು ವರ್ಷದಿಂದ ಕಾಯ್ತಾ ಕೂತಿರೋದು. ನೀವು ಯಾರು ಅಂತ ನೀವೇ ಹೇಳ್ತೀರೇನೋ ಅಂತ." ಅವಳು ರನ್ನರನ್ನು ಮೇಜಿನ ಮೇಲೆ ಕುಕ್ಕಿದಳು. "ಬಂದು ಕಿಟಕಿ ರಿಪೇರಿ ಮಾಡ್ತೀರಿ. ಮೇಜು ಸವರ್ತೀರಿ. ಎಣ್ಣೆ ಹಾಕಿ ಅಂತೀರಿ. ಸಾಕಾಗಿ ಹೋಗಿದೆ ನನಗೆ."

ಅವನು ಕವರನ್ನು ಎದೆಗೆ ಅವಚಿಕೊಂಡು ಮಿಕಮಿಕ ನೋಡಿದ. ಒಳಗೆ ಅಮ್ಮ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದ್ದು ಇಬ್ಬರಿಗೂ ಗೊತ್ತಾಯಿತು.

"ನೀವು ಒಪ್ಪಲ್ಲ ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ.

"ಅದನ್ನೂ ಮೊದಲೇ ಕಳೆದುಬಿಟ್ರಾ?"

"ಹೂಂ."

"ನನ್ನ ಕೇಳದೆ?"

"ಹೂಂ. ಕೇಳಿ, ನೀವು ಬೇಡ ಅಂದ್ರೆ ಆಮೇಲೆ ಈ ಬಾಗಿಲಿಗೆ ಬರೋ ಹಾಗಿಲ್ವಲ್ಲ. ಕೇಳದಿದ್ರೆ ದಿನಾ ಬರಬಹುದು." ಅವನು ಕವರನ್ನು ಮೇಜಿನ ಮೇಲಿಟ್ಟ. "ಹೋಗಬೇಡಿ. ನೀವಿಲ್ಲದೆ ನನ್ನಿಂದ ಆಗಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ. ಬೆಳಿಗ್ಗೆ ಈ ಕಿಟಕಿ ತೆರೆಯೋ ತನಕ ನಾನು ಗರಗಸ ಮುಟ್ಟಲ್ಲ."

ಎರಡು ವರ್ಷ ಈ ಮಾತಿಗೆ ಏನುತ್ತರ ಕೊಡಬೇಕೆಂದು ಅವಳು ಯೋಚಿಸಿಟ್ಟಿದ್ದಳು. ಮುದ್ದಾದ ಉತ್ತರ, ಸ್ವಲ್ಪ ಬಿಂಕದ ಉತ್ತರ, ಅವನನ್ನು ಇನ್ನೊಂದಿಷ್ಟು ಕಾಡಿಸುವ ಉತ್ತರ. ಈಗ ಒಂದೂ ನೆನಪಾಗಲಿಲ್ಲ.

"ಇಷ್ಟು ಹೇಳೋಕೆ ಮೂರು ಕವರ್ ಹೊಲಿಸಿದ್ರಲ್ಲ," ಎಂದಳು. ಕಣ್ಣು ಒರೆಸಿಕೊಂಡಳು. "ನನಗೂ ಇಷ್ಟ ರೀ. ನಿಮ್ಮನ್ನ ಬೈದು ಬೈದು ಬಾಯಿ ನೋಯೋಷ್ಟು ಇಷ್ಟ."

ಅವನು ಮಿಷನ್ನಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈ ಇಟ್ಟ. ಒರಟು ಕೈ, ಬೆಚ್ಚಗಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅಣ್ಣ.

"ಏನಮ್ಮ, ಏನು ತೀರ್ಮಾನ ಮಾಡಿದೆ?"

"ಬರಲ್ಲ ಅಣ್ಣ. ನನ್ನ ಕೆಲಸ ಇಲ್ಲೇ ಇದೆ, ಬಿಟ್ಟು ಬರಲ್ಲ."

"ಅದಷ್ಟೇನಾ? ಆ ಕೆಲಸ ಇಲ್ಲೂ ಮಾಡಬಹುದಲ್ಲ. ಅಲ್ಲಿ ಇನ್ನೇನಿದೆ ನಿನಗೆ?"

ಅವಳು ಬಡಗಿಯನ್ನು ನೋಡಿದಳು. ತಾನೇ ಹೇಳಿಬಿಡಬಹುದಿತ್ತು. ಹೇಳಲು ಒಂದು ನಿಮಿಷ ಸಾಕಿತ್ತು. ಆದರೆ ಇವನ ಪಾಲಿನದನ್ನೂ ತಾನೇ ಹೇಳಿ ಮುಗಿಸಿದರೆ ಮುಂದೆ ಜೀವನಪೂರ್ತಿ ಅದೇ ಕೆಲಸವಾದೀತು.

"ಇಲ್ಲೊಬ್ಬರಿದ್ದಾರೆ, ಅವರೇ ಹೇಳ್ತಾರೆ," ಎಂದು ಫೋನನ್ನು ಅವನ ಮುಂದೆ ಹಿಡಿದಳು.

ಅವನ ಮುಖ ಬಿಳಿಚಿಕೊಂಡಿತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒಮ್ಮೆ ಬಾಗಿಲನ್ನು ನೋಡಿದ, ಆಚೆ ಬೀದಿ, ಅದರಾಚೆ ತನ್ನ ಶೆಡ್ಡು. ಆಮೇಲೆ ಫೋನ್ ತೆಗೆದುಕೊಂಡ.

"ನಮಸ್ಕಾರ ಸರ್. ನಾನು ಎದುರಿನ ಶೆಡ್ಡಿನ ಬಡಗಿ. ನಿಮ್ಮ ತಂಗಿನ ಮದುವೆ ಆಗಬೇಕು ಅಂತ ಕೇಳ್ತಿದೀನಿ. ಇಲ್ಲ ಸರ್, ಕೇಳೋದು ಇದೇ ಮೊದಲು. ತಡ ಮಾಡಿದೆ, ತಪ್ಪು ನನ್ನದೇ. ಇಲ್ಲ, ಅವರು ಹೋದ್ರೆ ನಾನೂ ಅಲ್ಲಿಗೇ ಬಂದ್ಬಿಡ್ತೀನಿ, ಮರಗೆಲಸ ಅಲ್ಲೂ ಇರುತ್ತಲ್ಲ. ಆದ್ರೆ ಅವರಿಗೆ ಇಲ್ಲಿರೋಕೇ ಇಷ್ಟ..."

ಅವಳು ಮುಚ್ಚಿಹೋದ ಕವರನ್ನು ಮಡಿಲಿಗೆ ಎಳೆದುಕೊಂಡು ಸಣ್ಣ ಕತ್ತರಿ ಹುಡುಕಿದಳು. ಒಂದೊಂದೇ ಹೊಲಿಗೆ ಬಿಚ್ಚುತ್ತ, ಅವನು ಹೇಳಿದ ಒಂದೊಂದು ಮಾತನ್ನೂ ಕೇಳಿಸಿಕೊಂಡಳು.