ಸೂರಳ ಹಾಲು, ಗವ್ರಿಲನ ಕಣ್ಣು

"ತಲೆ ಎತ್ತಿ ಮಾತಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?!"

ಗವ್ರಿಲನ ಮನೆಯ ಬೇಲಿ ಹಿಡಿದು ಡೋಮ್ನಿಕ ಕೂಗಿದಳು. ಬೆಟ್ಟ ಹತ್ತಿ ಓಡಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು. ಅಂಗಳದಲ್ಲಿ ನಿಂತಿದ್ದ ಗವ್ರಿಲ ಮಾತ್ರ ತನ್ನ ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ.

"ಏನ್ ಬೇಕು ಹೇಳು," ಎಂದ, ನೆಲ ನೋಡುತ್ತಲೇ.

"ನಿನ್ನ ಕುದುರೆ ಸೂರ ಬೇಕು! ಅವಳ ಮರಿ ಇವತ್ತು ಹೋಯ್ತಂತಲ್ಲ... ನಮ್ಮ ಕುದುರೆ ಮುರ್ಗ ಮೊನ್ನೆ ಮರಿ ಹಾಕಿ ತಾನೇ ಹೋಗ್ಬಿಟ್ಲು. ಮರಿಗೆ ಬಾಟ್ಲಿಲಿ ಮೇಕೆ ಹಾಲು ಕುಡಿಸ್ತಾ ಇದೀನಿ. ಹೊಟ್ಟೇಲಿ ನಿಲ್ತಾನೇ ಇಲ್ಲ, ಭೇದಿ ಹಿಡ್ಕೊಂಡಿದೆ. ಎದ್ದು ನಿಂತ್ರೆ ಕಾಲು ನಡುಗುತ್ತೆ..."

ಇವನ ಮುಂದೆ ಅಳಬಾರದು ಎಂದುಕೊಂಡೇ ಬಂದಿದ್ದಳು. ಆದರೂ ತೋಳಿನಿಂದ ಕಣ್ಣೊರೆಸಿಕೊಂಡಳು.

ಗವ್ರಿಲ ಲಾಯಕ್ಕೆ ಹೋದ. ಬೂದು ಬಣ್ಣದ ಸೂರಳನ್ನು ಹಗ್ಗ ಹಿಡಿದು ತಂದ. ಅವನ ಹೆಗಲ ಮೇಲೆ ಒಂದು ಗೋಣಿಚೀಲವಿತ್ತು. ಅದರೊಳಗೆ ಸತ್ತ ಮರಿಯ ತೊಗಲು. ಮರಿ ಕಳೆದುಕೊಂಡ ಕುದುರೆ ಬೇರೆ ಮರಿಗೆ ಮೊಲೆ ಕೊಡಬೇಕಾದರೆ ಅದರ ಮೈಮೇಲೆ ತನ್ನ ಮರಿಯ ವಾಸನೆಯೇ ಇರಬೇಕು.

"ತಗೋ. ಇದನ್ನ ಮರಿ ಬೆನ್ನಿಗೆ ಕಟ್ಟು. ನಾನ್ ಬರಲ್ಲ."

"ಬರಲ್ವಾ? ನನ್ನ ಗುರುತೇ ಇಲ್ಲದ ಕುದುರೆ ನನ್ನ ಮಾತು ಕೇಳುತ್ತಾ?"

ಅವನು ಹಗ್ಗವನ್ನು ಅವಳತ್ತ ಚಾಚಿದ, ಮುಖ ಮಾತ್ರ ಆಚೆ. ಅಬ್ಬಾ, ಏನು ಜಂಭ ಇವನಿಗೆ!

ಚಳಿಗಾಲದಲ್ಲಿ ತನ್ನ ಮುರ್ಗಳನ್ನೂ ಕರೆದುಕೊಂಡು ಬುಕೊವಿನಾದ ಈ ಕಣಿವೆಯ ದೊಡ್ಡಮ್ಮನ ಮನೆಗೆ ಬಂದಾಗಿನಿಂದಲೂ ನೋಡುತ್ತಿದ್ದಾಳೆ. ಚರ್ಚಿನಲ್ಲಿ, ಗಿರಣಿಯಲ್ಲಿ, ಈಸ್ಟರ್ ಕುಣಿತದಲ್ಲಿ... ಒಂದು ಸಲವಾದರೂ ಅವಳತ್ತ ಕಣ್ಣೆತ್ತಿದ್ದರೆ ಕೇಳಿ! ಅವನಿಗಾಗಿಯೇ ಕಸೂತಿ ರವಿಕೆ ಹಾಕಿಕೊಂಡು ಹೋಗಿದ್ದಳು ಅಂತ ನಾನು ಹೇಳಿದರೆ ಹುಡುಗಿ ನನ್ನನ್ನು ಉಳಿಸುವುದಿಲ್ಲ. ಆದರೂ ಹೇಳುತ್ತೇನೆ, ಹೋಗಿದ್ದಳು.

"ನನ್ನನ್ನ ಕಂಡ್ರೆ ಆಗಲ್ಲ ಅಂದ್ರೆ ಆಯ್ತು, ಬಿಡು. ಆ ಮರಿ ನಿನಗೇನು ಅನ್ಯಾಯ ಮಾಡಿದೆ?" ಎಂದಳು ಡೋಮ್ನಿಕ.

ಗವ್ರಿಲನ ಕೈ ಹಗ್ಗದ ಮೇಲೆ ಬಿಗಿಯಿತು. "ನಡಿ," ಎಂದ.

ಬೆಟ್ಟ ಇಳಿದು ಬಂದರೆ, ತಮ್ಮ ಲಾಯದ ಬಾಗಿಲಲ್ಲೇ ಸವೇತ ದೊಡ್ಡಮ್ಮ ನಿಂತಿದ್ದಳು. ಗವ್ರಿಲನನ್ನು ಕಂಡಿದ್ದೇ ತಡ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಅಯ್ಯೋ ದೇವರೇ! ಕುದುರೆ ತಾ ಅಂತ ಕಳ್ಸಿದ್ರೆ ಇವನನ್ನೂ ಕರ್ಕೊಂಡು ಬಂದ್ಯಲ್ಲೇ!"

ಯಾಕೆ ಎಂದು ಕೇಳಲು ಡೋಮ್ನಿಕಳಿಗೆ ಪುರುಸೊತ್ತೆಲ್ಲಿ? ಹುಲ್ಲಿನ ಮೇಲೆ ಮರಿ ಬುಜೋರ್ ಮುದುಡಿ ಮಲಗಿತ್ತು. ದೊಡ್ಡಮ್ಮ ಅದರ ಕುತ್ತಿಗೆಗೆ ದೃಷ್ಟಿ ತಾಗದಿರಲೆಂದು ಕಟ್ಟಿದ್ದ ಕೆಂಪು ಕುಚ್ಚು ಉಸಿರಿನ ಜೊತೆ ಸ್ವಲ್ಪವೇ ಸ್ವಲ್ಪ ಅಲುಗುತ್ತಿತ್ತು. ಅದು ಅಲುಗುತ್ತಿದೆ ಎಂಬುದೇ ಡೋಮ್ನಿಕಳಿಗಿದ್ದ ಧೈರ್ಯ.

ಅವಳು ತೊಗಲನ್ನು ಮರಿಯ ಬೆನ್ನಿಗೆ ಕಟ್ಟಿದಳು. ಹೊಟ್ಟೆಯಡಿ ಕೈಕೊಟ್ಟು ಎಬ್ಬಿಸಿ, ಸೂರಳ ಕೆಚ್ಚಲಿನ ಹತ್ತಿರ ತಂದಳು.

"ನಂಗೆ ಇಲ್ಲಿಂದ ಅವಳ ತಲೆ ಕಾಣ್ತಿಲ್ಲ. ಕಿವಿ ಹಿಂದಕ್ಕೆ ಹೋದ್ರೆ ಒದೀತಾಳೆ, ಕೂಗು, ಆಯ್ತಾ?"

ಹಗ್ಗ ಗವ್ರಿಲನ ಕೈಯಲ್ಲಿತ್ತು. ಬುಜೋರ್ ಒದ್ದೆ ಮೂತಿಯನ್ನು ಮುಂದಕ್ಕೆ ಚಾಚಿತು...

ಧಡ್!

ಸೂರಳ ಗೊರಸು ಬಡಿದ ರಭಸಕ್ಕೆ ಮರಿ ಹುಲ್ಲಿನ ಮೇಲೆ ಉರುಳಿಬಿತ್ತು.

"ಬುಜೋರ್! ಅಯ್ಯೋ ನನ್ನ ಕಂದಾ!" ಡೋಮ್ನಿಕ ಚೀರಿದಳು. ತಿರುಗಿ ನೋಡಿದರೆ... ಗವ್ರಿಲ ಹಗ್ಗ ಹಿಡಿದು ಗೋಡೆಗೆ ಮುಖ ಮಾಡಿ ನಿಂತಿದ್ದಾನೆ!

"ಕಣ್ಣು ಮುಚ್ಕೊಂಡು ನಿಂತಿದ್ಯಾ ನೀನು?"

"ಹೌದು," ಎಂದ ಗವ್ರಿಲ. "ನೋಡಿದ್ರೆ ಅದು ಉಳಿಯಲ್ಲ. ನಾನು ಬಿಟ್ಟ ಹಾಲು ಮತ್ತೆ ಕುಡಿದವನು, ಡೋಮ್ನಿಕ."

ಡೋಮ್ನಿಕಳಿಗೆ ಅರ್ಥವಾಯಿತು. ಬೆಟ್ಟದಾಚೆಯ ಅವಳ ಊರಲ್ಲೂ ಇದೇ ಮಾತು. ಎದೆಹಾಲು ಬಿಡಿಸಿದ ಮೇಲೆ, ಮಗು ಅಳುವುದನ್ನು ನೋಡಲಾರದೆ ತಾಯಿ ಮತ್ತೆ ಎದೆಗೆ ಹಾಕಿಕೊಂಡರೆ, ಆ ಮಗುವಿನ ದೃಷ್ಟಿ ಬಿದ್ದಿದ್ದು ಉಳಿಯುವುದಿಲ್ಲ ಎಂದು.

"ಅಮ್ಮನಿಗೆ ಕರುಳು ತಡೀಲಿಲ್ವಂತೆ," ಎಂದ ಗವ್ರಿಲ ಗೋಡೆಗೇ ಹೇಳುವವನಂತೆ. "ಚಿಕ್ಕೋನಿದ್ದಾಗಿಂದ ಯಾರೂ ನನಗೆ ಕರು ತೋರಿಸಿದ್ದಿಲ್ಲ, ಕೂಸು ತೋರಿಸಿದ್ದಿಲ್ಲ. ಇಷ್ಟ ಆಗಿದ್ದನ್ನ ನಾನು ನೋಡಲ್ಲ. ಆದ್ರೆ ಸೂರ ಮರಿ ಹಾಕ್ದಾಗ ಖುಷಿ ತಡೀಲಾರ್ದೆ ನೋಡ್ಬಿಟ್ಟೆ... ಹೋಯ್ತಲ್ಲ!"

"ಇನ್ನೂ ಏನು ಕೇಳ್ತಾ ನಿಂತಿದ್ಯೆ? ಮೊದ್ಲು ಇವನನ್ನ ಆಚೆ ಕಳ್ಸು!" ಎಂದಳು ದೊಡ್ಡಮ್ಮ.

ಕಳಿಸಬೇಕೇ? ಡೋಮ್ನಿಕಳ ಕೈ ಮರಿಯ ಎದೆಯ ಮೇಲಿತ್ತು. ಒಳಗೆ ಪುಟ್ಟ ಹೃದಯ ಓಡುತ್ತಿತ್ತು. ದೊಡ್ಡಮ್ಮ ಹೇಳುವುದೇ ನಿಜವಾದರೆ? ಇವನು ನೋಡಿ, ಇದೂ ಹೋದರೆ? ಭಯವಾಯಿತು, ತುಂಬಾ ಭಯವಾಯಿತು. ಆದರೆ ಆ ಭಯದೊಳಗಿಂದಲೇ ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು.

"ಮುರ್ಗನ್ನ ಮುದ್ದು ಮಾಡಿ ಬೆಳೆಸಿದ್ದು ನಾನು. ಅವಳು ಪ್ರಾಣ ಬಿಡೋವಾಗ ಮುಖಾನೇ ನೋಡ್ತಾ ಕೂತಿದ್ದೆ. ಹಾಗಾದ್ರೆ ಅವಳನ್ನ ಕೊಂದಿದ್ದು ನನ್ನ ಕಣ್ಣಾ, ಗವ್ರಿಲ? ಹೇಳು! ನನ್ನ ಕಣ್ಣಾ?"

"ಛೇ! ಏನಂತ ಮಾತಾಡ್ತೀಯ!"

ಅವನು ಗಕ್ಕನೆ ತಿರುಗಿಬಿಟ್ಟ. ತಿರುಗಿದವನು ನೇರವಾಗಿ ಅವಳ ಮುಖವನ್ನೇ ನೋಡಿದ. ಕಂದು ಕಣ್ಣುಗಳು, ಅತ್ತು ಕೆಂಪಾಗಿದ್ದವು. ಇಷ್ಟು ಸೌಮ್ಯವಾದ ಕಣ್ಣನ್ನೇ ಊರೆಲ್ಲ ಸೇರಿ ನೆಲಕ್ಕೆ ತಳ್ಳಿದ್ದರು.

"ಈಗ ಇದನ್ನ ನೋಡು," ಎಂದಳು ಡೋಮ್ನಿಕ. "ನೀನು ನೋಡ್ದೆ ಇದ್ರೂ ಸಾಯುತ್ತೆ. ನೋಡಿ ಉಳಿಸು."

"ಬೇಡ್ವೇ, ಬೇಡ!" ದೊಡ್ಡಮ್ಮ ಬಡಬಡಿಸಿದಳು.

ಗವ್ರಿಲ ಮಂಡಿಯೂರಿದ. ಮರಿಯ ಪಕ್ಕೆಲುಬನ್ನು ಒಂದೊಂದಾಗಿ ಮುಟ್ಟಿದ. ಎಲ್ಲೂ ಮುರಿದಿರಲಿಲ್ಲ. ಎತ್ತಿ ನಿಲ್ಲಿಸಿ ಅವಳ ಕೈಗೆ ಕೊಟ್ಟು, ಸೂರಳ ಕುತ್ತಿಗೆಯನ್ನು ತಬ್ಬಿಕೊಂಡ. ಕುದುರೆ ತಲೆ ಹೊರಳಿಸಿ ಮರಿಯ ಬೆನ್ನನ್ನು ಮೂಸಿತು.

"ಈಗ್ಲೇ ಬೇಡ... ಕಿವಿ ಇನ್ನೂ ಹಿಂದಿದೆ. ತಡಿ... ತಡಿ... ಹ್ಞಾಂ, ಈಗ ಬಿಡು!"

ಬುಜೋರ್ ಮೊದಲ ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ಆಮೇಲೆ... ಚಪ್, ಚಪ್, ಚಪ್! ಸೂರಳ ಎದೆಯಾಳದಿಂದ ಸಣ್ಣದೊಂದು ಗುರುಗುಟ್ಟುವಿಕೆ ಬಂತು. ಕುದುರೆ ತನ್ನ ಮರಿಯನ್ನು ಕರೆಯುವ ದನಿ ಅದು. ದೊಡ್ಡಮ್ಮ ಬಾಯಿ ಮುಚ್ಚಿಕೊಂಡು ಓಟ್ಸ್ ತರಲು ಹೋದಳು.

ಆದರೆ ಮಧ್ಯಾಹ್ನ ಗವ್ರಿಲ ನೀರಿನ ಬಕೆಟ್ ಹಿಡಿದು ಬಂದಾಗ, ಬುಜೋರ್ ಅಂಗಳದ ಬಿಸಿಲಲ್ಲಿ ನಾಲ್ಕೂ ಕಾಲು ಚಾಚಿ ಬಿದ್ದಿತ್ತು. ಕತ್ತು ಒಂದು ಕಡೆ ವಾಲಿತ್ತು. ಬಾಯಿ ಅರೆ ತೆರೆದಿತ್ತು.

ಬಕೆಟ್ ಕೈಜಾರಿತು.

"ನಾನ್ ಹೇಳ್ಲಿಲ್ವಾ..." ಎಂದವನೇ ಮುಖ ಮುಚ್ಚಿಕೊಂಡು ಗೇಟಿನತ್ತ ನಡೆದುಬಿಟ್ಟ.

ಬಕೆಟ್ ಸದ್ದಿಗೆ ಡೋಮ್ನಿಕ ತಿರುಗಿ ನೋಡಿದಳು. ಓಡಿ ಬಂದು ಮರಿಯ ಮೇಲೆ ಬಾಗಿದಳು. ದೇವರೇ, ದೇವರೇ, ದೇವರೇ... ಹೊಟ್ಟೆ ಮುಟ್ಟಿದಳು. ಬಿಸಿಯಾಗಿತ್ತು, ತುಂಬಿ ಗಟ್ಟಿಯಾಗಿತ್ತು. ತುಟಿಯಂಚಿನಲ್ಲಿ ಹಾಲಿನ ನೊರೆ. ಕಿವಿಗೊಟ್ಟರೆ... ಗೊರಕೆ!

"ಗವ್ರಿಲಾ! ನಿಂತ್ಕೊಳೋ! ನಿದ್ದೆ ಕಣೋ! ಹೊಟ್ಟೆ ಬಿರಿಯೋ ಹಾಗೆ ಕುಡಿದು ನಿದ್ದೆ ಹೊಡೀತಿದೆ!"

ಅವನು ಗೇಟಿನ ಹತ್ತಿರವೇ ಕುಸಿದು ಕುಳಿತ. ಇಷ್ಟು ದೊಡ್ಡ ಗಂಡಸು, ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತ. ಡೋಮ್ನಿಕ ಹೋಗಿ ಪಕ್ಕದಲ್ಲಿ ಕುಳಿತಳು. ಅವನು ಸುಧಾರಿಸಿಕೊಳ್ಳುವವರೆಗೂ ಕಾದಳು.

"ಇಷ್ಟ ಆಗಿದ್ದನ್ನ ನೋಡಲ್ಲ ಅಂದ್ಯಲ್ಲ..." ಎಂದಳು ಕೊನೆಗೆ, ಮೆಲ್ಲಗೆ. "ಮತ್ತೆ ಚರ್ಚಲ್ಲಿ ನನ್ನನ್ನ ಯಾಕೆ ನೋಡ್ತಿರ್ಲಿಲ್ಲ?"

"ಗೊತ್ತಿದ್ದೂ ಕೇಳ್ತೀಯಲ್ಲ."

"ನಿನ್ನ ಬಾಯಿಂದ ಕೇಳ್ಬೇಕು."

"ನಿನ್ನ ಬೂಟು ಮಾತ್ರ ನೋಡ್ತಿದ್ದೆ," ಎಂದ ಅವನು ಮೂಗೊರೆಸಿಕೊಳ್ಳುತ್ತಾ. "ಎಡಗಾಲಿನ ಲೇಸು ಯಾವಾಗ್ಲೂ ಬಿಚ್ಚಿರುತ್ತೆ. ಎಲ್ಲಿ ಎಡವಿ ಬೀಳ್ತೀಯೋ ಅಂತ ಪೂಜೆ ಮುಗಿಯೋ ತನಕ ಅದೇ ಚಿಂತೆ. ನೀನಂದ್ರೆ ನಂಗೆ ಪ್ರಾಣ, ಡೋಮ್ನಿಕ. ಅದಕ್ಕೇ ನೋಡ್ಲಿಲ್ಲ. ನಿಂಗೇನಾದ್ರೂ ಆಗಿದ್ರೆ..."

"ಬೆಳಗ್ಗೆಯಿಂದ ನೋಡ್ತಾನೇ ಇದ್ದೀಯಲ್ಲ. ಏನಾಯ್ತು ನಂಗೆ?"

"ಮೂಗಿನ ತುದಿ ಕೆಂಪಾಗಿದೆ."

"ಅತ್ತಿದ್ದಕ್ಕೆ ಕಣೋ, ದಡ್ಡ!"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳ ಕೈ ಅವನ ಕೈಯೊಳಗೇ ಇತ್ತು. ಯಾರು ಮೊದಲು ಹಿಡಿದದ್ದೋ ನನಗೂ ಗೊತ್ತಿಲ್ಲ.

"ಸೂರ ಇಲ್ಲೇ ಇರ್ಬೇಕಾಗುತ್ತೆ," ಎಂದಳು. "ನೀನು ದಿನಾ ಬಂದು ಅವಳನ್ನ ಹಿಡ್ಕೋಬೇಕು."

"ಎಲ್ಲೀವರೆಗೆ?"

"ಮರಿ ಹಾಲು ಬಿಡೋವರೆಗೆ."

"ಆಮೇಲೆ?"

ಡೋಮ್ನಿಕ ಅವನ ಭುಜಕ್ಕೆ ತಲೆಯಾನಿಸಿದಳು.

"ಆಮೇಲೆ ಮರಿ ನೆಪ ಬೇಡ. ಸುಮ್ನೆ ಬಾ."