ಗುಲಾಬಿ ಬಣ್ಣದ ಗೇರ್ ಎಣ್ಣೆ

ನಾನು ಚಿಕ್ಕವಳಿದ್ದಾಗ ನಮ್ಮವ್ವ ಒಮ್ಮೆ ಒಲೆಯ ಮೇಲೆ ಶೇಂಗಾ ಎಣ್ಣೆ ಇಟ್ಟು, ಮಗ್ಗದಲ್ಲಿ ಹರಿದ ಎಳೆ ಜೋಡಿಸಲು ಹೋಗಿ ಮರೆತುಬಿಟ್ಟಿದ್ದಳು. ಆ ಸುಟ್ಟ ಕಮಟು ವಾಸನೆ ಮೂರು ದಿನ ಮನೆಯ ಬಟ್ಟೆಗಳಲ್ಲೆಲ್ಲ ಇತ್ತು. 2004ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಬನಹಟ್ಟಿಯ ಧರೆಪ್ಪನ ಗ್ಯಾರೇಜಿನಲ್ಲಿ ಅಂಥದೇ ವಾಸನೆ ಮೂಗಿಗೆ ಬಡಿಯಿತು.

ಧರೆಪ್ಪ ಹಳೆಯ ಪಿಕಪ್ಪಿನ ಅಳತೆ ಕಡ್ಡಿ ಎಳೆದು ನನ್ನ ಮುಂದೆ ಹಿಡಿದ. ಈ ಗಾಡಿಯ ಗೇರ್ ಎಣ್ಣೆ ಕೆಂಪಗಿರಬೇಕು. ಕಡ್ಡಿಯಿಂದ ತೊಟ್ಟಿಕ್ಕುತ್ತಿದ್ದುದು ಗುಲಾಬಿ ಬಣ್ಣದ ನೊರೆ.

“ನೀರ ಕೂಡೇತ್ರಿ ಅಕ್ಕಾರ. ಗೇರ್ ಬಾಕ್ಸ್ ಖಲಾಸ್.”

“ಕೂಡಿಲ್ಲ, ಕೂಡಿಸ್ಯಾನ!” ಗಾಡಿಯ ಮಾಲೀಕ ಮಹಾಲಿಂಗಪ್ಪ ತನ್ನ ಡ್ರೈವರ್ ಯಲ್ಲಾಲಿಂಗನತ್ತ ಬೆರಳು ಮಾಡಿದ. “ತಂಗಿ ಮದುವಿಗೆ ಎಂಟ ದಿನ ಸೂಟಿ ಬೇಕಂದ. ನಾ ಎರಡ ದಿನ ಅಂದೆ. ಮರುದಿನಾನ ಗಾಡಿ ಬೀಳಗಿ ರಸ್ತ್ಯಾಗ ನಿಂತತಿ. ಸಿಟ್ಟಿಗೆ ಎಣ್ಣ್ಯಾಗ ನೀರ ಸುರುವ್ಯಾನ್ರಿ. ಹನ್ನೆರಡಕ್ಕ ಸ್ಟೇಶನ್ನಿಗೆ ಹೋಗಿ ಕಂಪ್ಲೇಂಟ್ ಕೊಡಾಂವ ನಾ.”

“ದ್ಯಾವ್ರಾಣಿ ನಾ ಮಾಡಿಲ್ರಿ,” ಎಂದ ಯಲ್ಲಾಲಿಂಗ. ನನ್ನನ್ನು ಮನೆಯಿಂದ ಕರೆತಂದವನು ಅವನೇ. “ಪೊಲೀಸ್ ಕೇಸ್ ಬಿತ್ತಂದ್ರ ಈ ಸೀಮ್ಯಾಗ ಯಾರು ನನ್ನ ಕೈಗೆ ಸ್ಟೇರಿಂಗ್ ಕೊಡ್ತಾರ್ರಿ?”

ಗಂಟೆ ಹತ್ತೂವರೆ.

ಈ ಮೂವರಿಗೂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನೇ. ಅದನ್ನು ಯೋಚಿಸಿದರೆ ತಲೆ ಇನ್ನಷ್ಟು ಬಿಸಿಯಾಗುತ್ತಿತ್ತು. ಒಬ್ಬ ಕೂಗುತ್ತಾನೆ, ಒಬ್ಬ ಆಣೆ ಹಾಕುತ್ತಾನೆ, ಒಬ್ಬ ನೆಲ ನೋಡುತ್ತಾನೆ. ಬಾನೆಟ್ಟಿನೊಳಗೆ ನೋಡುವವರು ಯಾರೂ ಇಲ್ಲ.

* * *

ಈ ಗಾಡಿ ನಮ್ಮ ಕಡೆಯದಲ್ಲ. ಕಾಲುವೆ ಕೆಲಸಕ್ಕೆ ಬಂದಿದ್ದ ಹೊರದೇಶದ ಕಂಪನಿಯೊಂದು ಹೋಗುವಾಗ ಹರಾಜು ಹಾಕಿತ್ತು. ಕ್ಲಚ್ ಇಲ್ಲ, ಗೇರು ತಾನೇ ಬೀಳುತ್ತದೆ. ಜನ ಅದಕ್ಕೆ ‘ದೊರಿ ಗಾಡಿ’ ಎನ್ನುತ್ತಿದ್ದರು. ಮಹಾಲಿಂಗಪ್ಪ ಅದರಲ್ಲಿ ನೂಲಿನ ಮೂಟೆ, ಸೀರೆ ಗಂಟು ಸಾಗಿಸುತ್ತಿದ್ದ.

ಇಂಥ ಗಾಡಿಯಲ್ಲಿ ಗೇರ್ ಎಣ್ಣೆ ಬೇಗ ಕಾಯುತ್ತದೆ. ಆದ್ದರಿಂದ ಆ ಎಣ್ಣೆ ಪೈಪಿನಲ್ಲಿ ಮುಂದಕ್ಕೆ ಹೋಗಿ, ರೇಡಿಯೇಟರಿನ ನೀರಿನೊಳಗೆ ಕೂಡಿಸಿದ ಸಣ್ಣ ನಳಿಗೆಯಲ್ಲಿ ಹಾದು, ತಂಪಾಗಿ ವಾಪಸು ಬರುತ್ತದೆ. ತಣ್ಣನೆಯ ದೇಶಕ್ಕೆ ಅಷ್ಟು ಸಾಕು. ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವುದಕ್ಕೆ ಸಾಲದು.

ತಿಂಗಳ ಹಿಂದೆ ಮಹಾಲಿಂಗಪ್ಪ ನನ್ನಲ್ಲಿಗೆ ಬಂದಿದ್ದ. ಕೊಲ್ಲಾಪುರದ ಅಂಗಡಿಯಲ್ಲಿ ಗೇರ್ ಎಣ್ಣೆ ತಂಪು ಮಾಡುವ ಎರಡು ಥರದ ಕೂಲರ್ ಇವೆ, ಯಾವುದು ತರಲಿ ಎಂದು ಕೇಳಿದ. ಒಂದು ಹಾವಿನಂತೆ ಸುತ್ತಿದ ಪೈಪಿನದು. ಇನ್ನೊಂದು ತೆಳು ತಗಡಿನ ಪದರುಗಳದು. ಗಾತ್ರ ಸಣ್ಣದು, ತಂಪು ಹೆಚ್ಚು. ಎರಡನೆಯದು ತಾ ಎಂದೆ. ಗಾಳಿ ಬಡಿಯುವಂತೆ ರೇಡಿಯೇಟರಿನ ಮುಂದೆ ಕೂಡಿಸು. ಗೇರ್ ಬಾಕ್ಸಿನಿಂದ ಎಣ್ಣೆ ನೇರ ಅದಕ್ಕೇ ಹೋಗಿ ನೇರ ಬರಲಿ. ನಮ್ಮ ಬೋರಿನ ಸವಳು ನೀರಿಗೆ ರೇಡಿಯೇಟರಿನೊಳಗಿನ ಆ ನಳಿಗೆ ಇಂದಲ್ಲ ನಾಳೆ ತೂತಾಗುತ್ತದೆ. ಚಿತ್ರ ಬರೆದೂ ಕೊಟ್ಟಿದ್ದೆ.

ಹದಿನೈದು ದಿನದ ಹಿಂದೆ ಧರೆಪ್ಪ ಅದನ್ನು ಜೋಡಿಸಿದ್ದನಂತೆ. “ಮುಂದಿನ ಜಾಳಿಗಿ ಯಾರೂ ಬಿಚ್ಚಬ್ಯಾಡ್ರಿ. ಬಿಚ್ಚಿದ್ರ ನನ್ನ ಜವಾಬ್ದಾರಿ ಇಲ್ಲ,” ಎಂದೂ ಹೇಳಿದ್ದನಂತೆ.

* * *

“ಸಾಕ್ಷಿ ನೋಡ್ರಿ!” ಮಹಾಲಿಂಗಪ್ಪ ಡ್ರೈವರ್ ಸೀಟಿನ ಹಿಂದಿನಿಂದ ನೀರಿನ ಕ್ಯಾನ್ ತೆಗೆದ.

“ಅದು ರೇಡಿಯೇಟರಿಗೆರಿ,” ಎಂದ ಯಲ್ಲಾಲಿಂಗ. “ಮೂರ ದಿನಾ ಆತು, ನೀರ ಕಡಿಮಿ ಆಗಾಕತ್ತಿತ್ತು. ಕೆಳಗ ಒಂದ ಹನಿ ಸೋರಿಲ್ಲ. ಮಾಲಕರಿಗೆ ಹೇಳಿದ್ನಿ.”

“ಹೇಳಿದ್ನೇನೋ ಮಹಾಲಿಂಗಪ್ಪ?” ಎಂದೆ.

“ಹೇಳಿದ್ದ ಖರೆ ಐತ್ರಿ. ನಾ ಫೋನಿನ್ಯಾಗಿದ್ದೆ.”

ರೇಡಿಯೇಟರಿನ ಮುಚ್ಚಳ ತೆಗೆಸಿದೆ. ನೀರಿನ ಮೇಲೆ ಕೆಂಪು ಎಣ್ಣೆ ತೇಲುತ್ತಿತ್ತು. ಬೆರಳಿಗೆ ಹಚ್ಚಿ ಮೂಸಿದೆ. ಅದೇ ಸುಟ್ಟ ವಾಸನೆ.

“ಎಣ್ಣ್ಯಾಗ ನೀರ ಸುರುವಿದಾಂವ ರೇಡಿಯೇಟರಿನ್ಯಾಗ ಎಣ್ಣಿ ಯಾಕ ಸುರುವತಾನ?”

ಮಹಾಲಿಂಗಪ್ಪ ಕ್ಯಾನ್ ಕೆಳಗಿಟ್ಟ. “ಹಂಗಾರ ಅಂದಾನೆಪ್ಪನ ಮಂದೀನ ಮಾಡಿರಬೇಕ್ರಿ. ನನ್ನ ಯಾಪಾರ ಕಂಡ್ರ ಅವಗ ಹೊಟ್ಟಿಕಿಚ್ಚು.”

“ಅಂದಾನೆಪ್ಪಗ ರಬಕವ್ಯಾಗ ಎರಡ ಸೀರಿ ಅಂಗಡಿ ಅದಾವ. ಅಂಗಡಿ ಬಿಟ್ಟು ನಿನ್ನ ರೇಡಿಯೇಟರ್ ಕಾಯ್ಕೋತ ಕುಂಡ್ರತಾನೇನ? ಸುಮ್ಮನಿರು.”

ನೀರು ಎಣ್ಣೆಗೆ, ಎಣ್ಣೆ ನೀರಿಗೆ. ಎರಡೂ ಕೂಡುವ ಜಾಗ ಒಂದೇ, ರೇಡಿಯೇಟರಿನೊಳಗಿನ ಆ ನಳಿಗೆ. ಆದರೆ ಎಣ್ಣೆ ಅಲ್ಲಿಗೆ ಹೋಗದಂತೆ ಮಾಡಿದೆವಲ್ಲ?

“ಜಾಳಿಗಿ ಬಿಚ್ಚು ಧರೆಪ್ಪ.”

ಅವನು ಬಿಚ್ಚಿದ. ಕೂಲರ್ ಇತ್ತು. ಪೈಪುಗಳು ಗೇರ್ ಬಾಕ್ಸಿನಿಂದ ನೇರ ಅದಕ್ಕೇ ಬಂದಿದ್ದವು. ನಾನು ಬರೆದ ಚಿತ್ರದ ಹಾಗೆಯೇ.

“ನೋಡ್ರಿ ಮತ್ತ!” ಮಹಾಲಿಂಗಪ್ಪ ಗಡಿಯಾರ ನೋಡಿದ. “ರೇಡಿಯೇಟರಿಂದ ನೀರ ಬರಾಕ ದಾರೀನ ಇಲ್ಲ. ಹೊಂಟೆ ನಾ.”

ಹನ್ನೊಂದೂವರೆ. ಯಲ್ಲಾಲಿಂಗ ಗೋಡೆಗೆ ಒರಗಿ ಕುಳಿತ. ನಾನು ಸೆರಗಿನಿಂದ ಬೆವರು ಒರೆಸಿಕೊಂಡು ಬಗ್ಗಿ ನೋಡಿದೆ. ಕೂಲರಿನ ಮೇಲೆ ಬೆರಳಾಡಿಸಿದೆ. ಅದರ ಹಿಂದಿನ ರೇಡಿಯೇಟರಿನ ಮೇಲೂ ಆಡಿಸಿದೆ.

“ಮಹಾಲಿಂಗಪ್ಪ, ನಿಲ್ಲು. ದಿನಾ ಗಾಡಿ ಎಲ್ಲಿ ನಿಲ್ಲಸ್ತಿ?”

“ನಮ್ಮ ಪಾವರ್‌ಲೂಮ್ ಶೆಡ್ಡಿನ ಕಿಟಕಿ ಮುಂದ್ರಿ.”

“ಹಂಗಾರ ಇದನ್ನ ಮುಟ್ಟಿ ನೋಡು.”

* * *

ಮಗ್ಗದ ಶೆಡ್ಡಿನ ಮುಂದೆ ಎರಡು ದಿನ ಸೈಕಲ್ ನಿಲ್ಲಿಸಿದರೂ ಅದಕ್ಕೆ ಹತ್ತಿಯ ಧೂಳು ಹತ್ತುತ್ತದೆ. ನಮ್ಮೂರಲ್ಲಿ ಇದು ಕೂಸಿಗೂ ಗೊತ್ತು. ರೇಡಿಯೇಟರಿನ ಮೇಲೆ ಆ ಧೂಳು ಕೌದಿಯಂತೆ ದಪ್ಪಗೆ ಕೂತಿತ್ತು. ಅದರ ಮುಂದೆಯೇ ಇದ್ದ ಕೂಲರ್ ಮಾತ್ರ ಅಂಗಡಿಯಿಂದ ಈಗ ತಂದಂತೆ ಮಿರಿಮಿರಿ ಮಿಂಚುತ್ತಿತ್ತು.

“ಹದಿನೈದು ದಿನ ಅಲ್ಲಿ ಕೂತ ಕೂಲರಿಗೆ ಒಂದ ಎಳಿ ಹತ್ತಿಲ್ಲ ಯಾಕ ಧರೆಪ್ಪ? ಇದರ ಪೈಪ್ ಬಿಚ್ಚು. ಒಳಗ ಗುಲಾಬಿ ಎಣ್ಣಿ ಇದ್ರ ನಾ ಸೋತೆ.”

ಧರೆಪ್ಪ ನಟ್ಟು ಬಿಚ್ಚುವ ಪಾನಾ ಹಿಡಿದು ನಿಂತೇ ಇದ್ದ. ಕೊನೆಗೆ ಯಲ್ಲಾಲಿಂಗನೇ ಎದ್ದು ಪಾನಾ ತೆಗೆದುಕೊಂಡು ನಟ್ಟು ಸಡಿಲಿಸಿದ. ಒಂದು ಹನಿಯೂ ಬರಲಿಲ್ಲ. ಕೂಲರ್ ಒಳಗೆ ಒಣಗಿತ್ತು.

“ಗಾಡಿ ನಿನ್ನೆ ಸಂಜಿಕ ಇಲ್ಲಿಗೆ ಎಳದ ತಂದಾರ. ಇದನ್ನ ನೀ ಇವತ್ತ ಮುಂಜಾನೆ ಕೂಡಿಸೀದಿ. ಅಲ್ಲೀತನ ಎಣ್ಣಿ ರೇಡಿಯೇಟರಿನ್ಯಾಗ ಹಾಯ್ಕೋತನ ಇತ್ತು. ಕಾದು ಕಾದು ಸುಟ್ಟತಿ. ನಳಿಗಿ ತೂತಾಗೇತಿ. ಹೌದೋ ಅಲ್ಲೋ?”

“ಹೌದ್ರಿ.” ದನಿ ಬಾವಿಯೊಳಗಿಂದ ಬಂದಂತಿತ್ತು. “ದೊರಿ ಗಾಡಿ ಪೈಪಿನ ಥ್ರೆಡ್ ಇಂಚಿಂದ್ರಿ. ನನ್ನ ಹತ್ರ ಇದ್ದ ಪೈಪ್ ಜೋಡಸೂ ನಿಪ್ಪಲ್ ಎಲ್ಲಾ ಮಿಲಿಮೀಟರಿನವು. ಒಂದೂ ಕೂಡವಲ್ಲವು. ಕೊಲ್ಲಾಪುರಕ್ಕ ಹೇಳಿ ಕಳಸಿದ್ದೆ, ಮೊನ್ನೆ ಬಂದ್ವು. ಮುಂದಿನ ಸರ್ವಿಸಿಗೆ ಬಂದಾಗ ಯಾರಿಗೂ ಗೊತ್ತಾಗಧಂಗ ಕೂಡಸೂಣು ಅಂತಿದ್ದೆ.”

“ಆಗೂದಿಲ್ಲ ಅಂತ ಅವತ್ತ ಹೇಳಾಕ ಏನಾಗಿತ್ತು?”

“ಧರೆಪ್ಪಗ ಬರದ ಕೆಲಸ ಇಲ್ಲ ಅಂತಾರ್ರಿ ಮಂದಿ. ಅವತ್ತ ಇಲ್ಲಿ ಹತ್ತ ಮಂದಿ ನಿಂತಿದ್ರು. ಹೆಂಗ ಹೇಳ್ಲಿ?”

“ಬಾಯಿಲೆ ಹೇಳಬೇಕಿತ್ತು! ಈ ಹುಡುಗನ್ನ ಜೇಲಿಗೆ ಕಳಸಾಕ ಹೊಂಟಿದ್ಯಲ್ಲ?”

“ಇವನ ಹೆಸರ ನಾ ತಗೀಲಿಲ್ರಿ. ಮಾಲಕರ ತಗದ್ರು.”

“ತಗದಾಗ ನೀ ಸುಮ್ಮ ನಿಂತಿ.”

ಧರೆಪ್ಪ ಬಿಚ್ಚಿದ ಪೈಪಿನ ತುದಿಗೆ ಬಟ್ಟೆ ಸುತ್ತತೊಡಗಿದ.

ಮಹಾಲಿಂಗಪ್ಪ ಎರಡು ಸಲ ಕೆಮ್ಮಿದ. “ಎಂಟ ದಿನ ಅಂದಿದ್ಯಲ್ಲಲೇ ಯಲ್ಲಾ? ಹತ್ತ ದಿನ ಹೋಗಿ ಬಾ. ಹೆಂಗೂ ಗಾಡಿ ಇಲ್ಲ.” ತಪ್ಪಾಯಿತು ಎನ್ನಲು ಅವನಿಗೆ ಬಂದ ದಾರಿ ಅದೊಂದೇ.

* * *

ಗೇರ್ ಬಾಕ್ಸ್ ತನ್ನ ಖರ್ಚಿನಲ್ಲೇ ಮಾಡಿಕೊಡುತ್ತೇನೆಂದು ಧರೆಪ್ಪ ಒಪ್ಪಿ ಗಾಡಿಯ ಕೆಳಗೆ ತೂರಿದ. ಮಧ್ಯಾಹ್ನ ಎರಡಾದರೂ ಹೊರಗೆ ಬರಲಿಲ್ಲ. ಮುಖ ತೋರಿಸಲು ಅವನಿಗೆ ಆಗುತ್ತಿಲ್ಲವೆಂದು ನನಗೆ ಗೊತ್ತಾಯಿತು. ಊಟಕ್ಕೆ ಕರೆಯೋಣವೆಂದರೆ ನನಗಿನ್ನೂ ಸಿಟ್ಟು ಇಳಿದಿರಲಿಲ್ಲ.

ಯಲ್ಲಾಲಿಂಗ ಊರಿಗೆ ಹೊರಟು ನಿಂತಿದ್ದ. ಬಾಗಿಲವರೆಗೆ ಹೋದವನು ತಿರುಗಿ ಬಂದ. ಕೈಚೀಲದಿಂದ ಅರಿವೆಯ ಗಂಟು ತೆಗೆದು ಬಿಚ್ಚಿದ. ಎರಡು ಜೋಳದ ರೊಟ್ಟಿ, ಮೇಲೆ ಜುಣಕ, ಒಂದು ಉಳ್ಳಾಗಡ್ಡಿ. ಕುಕ್ಕರಗಾಲಿನಲ್ಲಿ ಕುಳಿತು ಅದನ್ನು ಗಾಡಿಯ ಕೆಳಗೆ ಚಾಚಿದ.

ಪಾನಾದ ಸದ್ದು ನಿಂತಿತು. ಆಮೇಲೆ ಎಣ್ಣೆ ಮೆತ್ತಿದ ಕೈಯೊಂದು ಹೊರಗೆ ಬಂದು ರೊಟ್ಟಿ ತೆಗೆದುಕೊಂಡಿತು.